ಹಸುವಿನ ಅಂಗಡಿಯಲ್ಲಿ ಬಾತುಕೋಳಿಗೆ ಏನು ಸಿಗುತ್ತದೆ? ಮೊಟ್ಟೆ ತೊಂದರೆಯ ಬಾತಿಗೆ ಹಾಸನದ ಸಾಮಾನುಗಳ ವಿಮರ್ಶೆ

ಹಾಸನ ಹಾಲಿನ ಜಿಲ್ಲೆ. ಪೇಟೆಯಲ್ಲಾಗಲಿ, ಬೇಲೂರು, ಅರಕಲಗೂಡು, ಸಕಲೇಶಪುರದಲ್ಲಾಗಲಿ, ಪಶು ಔಷಧದ ಅಂಗಡಿಗೆ ಕಾಲಿಟ್ಟರೆ ಕಣ್ಣಿಗೆ ಬೀಳುವುದು ಹಸು-ಎಮ್ಮೆಯ ಸಾಮಾನು: ಐದು ಲೀಟರಿನ ಕ್ಯಾಲ್ಸಿಯಂ ಕ್ಯಾನು, ಖನಿಜ ಮಿಶ್ರಣದ ಪ್ಯಾಕೆಟ್ಟು, ಕೆಚ್ಚಲುಬಾವಿನ ಟ್ಯೂಬು. ಫೀಡ್ ಅಂಗಡಿಗೆ ಹೋದರೆ ಅಲ್ಲಿರುವುದು ಕೋಳಿಯದ್ದು. ಬಾತುಕೋಳಿಗೆ ಎಂದು ಹೆಸರು ಬರೆದ ಡಬ್ಬಿ ಸಿಗುವುದು ಅಪರೂಪ. ಮೊಟ್ಟೆ ಸಿಕ್ಕಿಕೊಂಡ ಬಾತನ್ನು ಮನೆಯಲ್ಲಿ ಬಿಟ್ಟು ಗಾಬರಿಯಲ್ಲಿ ಬಂದವರ ಕೈಗೆ ಅಂಗಡಿಯವರು ಹಸುವಿನದ್ದನ್ನೇ ಸ್ವಲ್ಪ ಕಡಿಮೆ ಮಾಡಿ ಕೊಡುತ್ತಾರೆ. ಕೆಲವು ಸಲ ಅದು ಸರಿಹೋಗುತ್ತದೆ, ಕೆಲವು ಸಲ ಅದರಿಂದಲೇ ಬಾತು ಸಾಯುತ್ತದೆ.

ಹಾಗೆಂದು ಬೆಂಗಳೂರಿಗೆ ಓಡಬೇಕಿಲ್ಲ. ಬೇಕಾದ್ದರಲ್ಲಿ ಮುಕ್ಕಾಲು ಪಾಲು ಇದೇ ಅಂಗಡಿಗಳಲ್ಲಿ, ಉಳಿದದ್ದು ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ, ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಇದೆ. ಹಿತ್ತಲಲ್ಲಿ ಒಂದೆರಡು ಬಾತು ಸಾಕಿ, ಹೆಸರಿಟ್ಟು ಕರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸಾಮಾನುಗಳನ್ನು ತೂಗಿ ನೋಡಿದ್ದೇವೆ. ತೊಂದರೆಗಳು ಮುಖ್ಯವಾಗಿ ಮೂರು: ಮೊಟ್ಟೆ ಸಿಕ್ಕಿಕೊಳ್ಳುವುದು, ಚಿಪ್ಪಿಲ್ಲದ ಮೆತ್ತನೆ ಮೊಟ್ಟೆ ಇಡುವುದು, ಮೈ ಹೊರಬರುವುದು (ಮೊಟ್ಟೆನಾಳದ ಕೊನೆಯ ಭಾಗ ಬಾಲದ ಕೆಳಗಿನ ದ್ವಾರದಿಂದ ಹೊರಕ್ಕೆ ಜಾರುವುದು).

ಮೊದಲು ಕ್ಯಾಲ್ಸಿಯಂ ಲೆಕ್ಕ

ಬಾತಿನಲ್ಲಿ ಎಡಗಡೆಯ ಅಂಡಾಶಯ ಮತ್ತು ಎಡಗಡೆಯ ಮೊಟ್ಟೆನಾಳ ಮಾತ್ರ ಬೆಳೆದು ಕೆಲಸ ಮಾಡುತ್ತವೆ. ಹಳದಿ ಕಳಚಿ ನಾಳಕ್ಕೆ ಬಿದ್ದ ಮೇಲೆ ಮೊಟ್ಟೆ ಹೊರಬರಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವ ಭಾಗದಲ್ಲೇ ಕಳೆಯುತ್ತದೆ. ಚಿಪ್ಪು ಗಟ್ಟಿಯಾಗುವುದು ಹೆಚ್ಚಾಗಿ ರಾತ್ರಿ, ಮೊಟ್ಟೆ ಬೀಳುವುದು ಬೆಳಗಿನ ಜಾವದಿಂದ ಒಂಬತ್ತು ಗಂಟೆಯೊಳಗೆ. 70 ಗ್ರಾಂ ತೂಗುವ ಮೊಟ್ಟೆಯಲ್ಲಿ ಚಿಪ್ಪು 7 ಗ್ರಾಂ ಆಸುಪಾಸು, ಅದರಲ್ಲಿ ಅಪ್ಪಟ ಕ್ಯಾಲ್ಸಿಯಂ ಎರಡೂವರೆ ಗ್ರಾಂ. ಖಾಕಿ ಕ್ಯಾಂಪ್‌ಬೆಲ್ ತಳಿ ವರ್ಷಕ್ಕೆ 300ರ ಹತ್ತಿರ ಇಡಬಲ್ಲದು. ಅಂದರೆ ಎರಡು ಕಿಲೋ ತೂಗುವ ಹಕ್ಕಿ ವರ್ಷಕ್ಕೆ ಮುಕ್ಕಾಲು ಕಿಲೋ ಕ್ಯಾಲ್ಸಿಯಂ ಹೊರಹಾಕುತ್ತದೆ. ತಿನ್ನಿಸಿದ್ದು ಸಾಲದಿದ್ದರೆ ತನ್ನ ಮೂಳೆಯಿಂದ ಕಿತ್ತು ಕೊಡುತ್ತದೆ. ಅದೂ ಮುಗಿದಾಗ ಚಿಪ್ಪು ತೆಳ್ಳಗಾಗುತ್ತದೆ, ಆಮೇಲೆ ಮೊಟ್ಟೆಯನ್ನು ಹೊರದೂಡುವ ಸ್ನಾಯುವಿಗೇ ಶಕ್ತಿ ಇರುವುದಿಲ್ಲ. ಸ್ನಾಯು ಹಿಂಡಿಕೊಳ್ಳಲೂ ಕ್ಯಾಲ್ಸಿಯಂ ಬೇಕು. ಮೆತ್ತನೆ ಮೊಟ್ಟೆ ಮತ್ತು ಸಿಕ್ಕಿಕೊಂಡ ಮೊಟ್ಟೆ ಒಂದರ ಹಿಂದೆ ಒಂದು ಬರುವುದು ಇದಕ್ಕೇ.

ನಮ್ಮ ಕಡೆ ಬಾತಿಗೆ ಹಾಕುವುದು ಉಳಿದ ಅನ್ನ, ತೌಡು, ರಾಗಿ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅನ್ನುವ ಮಾತು ನಿಜ, ಆದರೆ ಅದು ಮನುಷ್ಯರ ಲೆಕ್ಕ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಒಂದು ಮೊಟ್ಟೆಯ ಚಿಪ್ಪಿಗೆ ರಾಗಿಯಿಂದಲೇ ಹೊಂದಿಸಬೇಕೆಂದರೆ ದಿನಕ್ಕೆ ಮುಕ್ಕಾಲು ಕಿಲೋ ತಿನ್ನಬೇಕು. ಬಾತು ದಿನವಿಡೀ ತಿನ್ನುವುದೇ 150 ಗ್ರಾಂ ಆಸುಪಾಸು. ತೌಡಿನ ಕಥೆ ಇನ್ನೂ ಕಷ್ಟ: ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ, ಮೇಲಾಗಿ ಇದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುವ ಫೈಟೇಟ್ ಅದರಲ್ಲಿದೆ.

ಲೇಯರ್ ಫೀಡ್: ಕೊಳ್ಳಿ, ಆದರೆ ಚೀಲ ನೋಡಿ

ಅಂಗಡಿಯಲ್ಲಿ ಕೋಳಿ ಫೀಡ್ ಕೇಳಿದರೆ ಮೊದಲು ಕೊಡುವುದು ಬ್ರಾಯ್ಲರ್ ಫಿನಿಶರ್. ಅದು ಮಾಂಸ ಕಟ್ಟಿಸುವ ಫೀಡ್, ಕ್ಯಾಲ್ಸಿಯಂ ಶೇ. 1ರ ಆಸುಪಾಸು. ಬಾತು ಅದನ್ನು ಚಪ್ಪರಿಸಿ ತಿಂದು ದಪ್ಪವಾಗುತ್ತದೆ. ದಪ್ಪಗಾದ ಬಾತಿನ ಹೊಟ್ಟೆಯೊಳಗಿನ ಕೊಬ್ಬು ಮೊಟ್ಟೆಯ ದಾರಿಯನ್ನೇ ಒತ್ತುತ್ತದೆ. ಕೇಳಬೇಕಾದ್ದು ಲೇಯರ್ ಫೀಡ್, ಅಂದರೆ ಮೊಟ್ಟೆ ಕೋಳಿಯ ಫೀಡ್. ಅದರಲ್ಲಿ ಕ್ಯಾಲ್ಸಿಯಂ ಶೇ. 3ರಿಂದ 4, ಪ್ರೋಟೀನ್ ಶೇ. 16ರಿಂದ 18 ಇರುತ್ತದೆ. ಶೇ. 3.5 ಇರುವ ಫೀಡನ್ನು 150 ಗ್ರಾಂ ತಿಂದರೆ ಹೊಟ್ಟೆಗೆ ಐದು ಗ್ರಾಂಗೆ ಸ್ವಲ್ಪ ಮೇಲೆ ಕ್ಯಾಲ್ಸಿಯಂ ಹೋಗುತ್ತದೆ. ಅದರಲ್ಲಿ ಅರ್ಧ ಮೈಗೆ ಹತ್ತಿದರೂ ಒಂದು ಮೊಟ್ಟೆಗೆ ಸರಿಹೋಗುತ್ತದೆ. ಕೋಳಿ ಫೀಡಿನಿಂದ ಬಾತಿಗೆ ಆಗುವ ಮುಖ್ಯ ಕೊರತೆ ನಯಾಸಿನ್ ಎಂಬ ಬಿ3 ಜೀವಸತ್ವದ್ದು. ಬಾತಿಗೆ ಒಂದು ಕಿಲೋ ಫೀಡಿನಲ್ಲಿ 55 ಮಿಲಿಗ್ರಾಂನಷ್ಟು ಬೇಕು, ಕೋಳಿಗೆ ಅಷ್ಟು ಬೇಡ. ಬ್ರೂವರ್ಸ್ ಯೀಸ್ಟ್ ಉದುರಿಸಿ ಕೊಟ್ಟರೆ ಅದು ತುಂಬುತ್ತದೆ.

ಹಾಸನದ ಮಟ್ಟಿಗೆ ನಿಜವಾದ ಅಪಾಯ ಬೂಷ್ಟು. ಫೀಡಿನ ಮುಖ್ಯ ಭಾಗ ಮುಸುಕಿನ ಜೋಳ. ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಚೀಲದ ತಳ ತೇವ ಹಿಡಿದು ಒಳಗೆ ಅಫ್ಲಾಟಾಕ್ಸಿನ್ ಹುಟ್ಟುತ್ತದೆ. ಸಾಕುಹಕ್ಕಿಗಳಲ್ಲಿ ಬಾತಿನಷ್ಟು ಬೇಗ ಈ ವಿಷಕ್ಕೆ ಬಲಿಯಾಗುವ ಹಕ್ಕಿ ಇನ್ನೊಂದಿಲ್ಲ. ಕೋಳಿ ತಡೆದುಕೊಂಡ ಫೀಡಿನಲ್ಲೇ ಬಾತಿನ ಈಲಿ (ಲಿವರ್) ಕೆಡುತ್ತದೆ. ಕೈ ಹಾಕಿ ನೋಡಿದಾಗ ಉಂಡೆ ಕಟ್ಟಿದ್ದರೆ, ಮುಗ್ಗು ವಾಸನೆ ಬಂದರೆ ಪುಕ್ಕಟೆ ಕೊಟ್ಟರೂ ಬೇಡ. ಬಿಡಿಯಾಗಿ ತೂಗಿ ಕೊಡುವ ಫೀಡ್ ಅಗ್ಗ ಅನಿಸಿದರೂ ತಯಾರಾದ ತಾರೀಕು ಗೊತ್ತಾಗುವುದಿಲ್ಲ. ಬಿಡಿ ಕೊಳ್ಳುವುದಾದರೆ ಕಣ್ಣೆದುರು ಚೀಲ ಬಿಚ್ಚಿಸಿ, ಲೇಬಲ್ಲಿನ ಫೋಟೋ ತೆಗೆದುಕೊಂಡು, ಎರಡು-ಮೂರು ವಾರಕ್ಕೆ ಆಗುವಷ್ಟೇ ಕೊಳ್ಳಿ. ಮುಚ್ಚಳವಿರುವ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆಲದಿಂದ ಎತ್ತರಿಸಿ ಇಡಿ.

ಮ್ಯಾಶ್ ಎಂದು ಕರೆಯುವ ಪುಡಿ ಬಾತಿನ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ. ನೀರಿನಲ್ಲಿ ಕಲಸಿ ಇಟ್ಟು, ಎರಡು ಗಂಟೆಯೊಳಗೆ ತಿನ್ನದೆ ಉಳಿದದ್ದನ್ನು ಎಸೆಯಿರಿ. ಸಣ್ಣ ಗುಳಿಗೆಯ ರೂಪದ್ದು ಸಿಕ್ಕರೆ ಅದೇ ಒಳ್ಳೆಯದು.

ಚಿಪ್ಪಿನ ಗ್ರಿಟ್: ಇಡೀ ಪಟ್ಟಿಯಲ್ಲಿ ಮೊದಲ ಸ್ಥಾನ

ಕೋಳಿ ಫೀಡ್ ಅಂಗಡಿಯಲ್ಲಿ ಶೆಲ್ ಗ್ರಿಟ್ ಎಂದು ಕೇಳಿದರೆ ಕಪ್ಪೆಚಿಪ್ಪನ್ನು ಒಡೆದ ಚೂರು ಕೊಡುತ್ತಾರೆ. ಒಂದು ಕಿಲೋ ಕೊಂಡರೆ ಒಂದು ಬಾತಿಗೆ ತಿಂಗಳುಗಟ್ಟಲೆ ಬರುತ್ತದೆ, ಬೆಲೆ ಒಂದು ತಿಂಡಿ-ಕಾಫಿಯ ಖರ್ಚಿಗಿಂತ ಹೆಚ್ಚಿರುವುದಿಲ್ಲ. ಚಿಪ್ಪಿನಲ್ಲಿ ಕ್ಯಾಲ್ಸಿಯಂ ಶೇ. 38ರ ಹತ್ತಿರ.

ಪುಡಿ ಕೊಂಡರಾಗದೇ ಅಂದರೆ, ಆಗದು. ಕೊಳ್ಳಬೇಕಾದ್ದು 2ರಿಂದ 5 ಮಿಲಿಮೀಟರಿನ ಚೂರು, ಅಂಗೈಯಲ್ಲಿ ಹಾಕಿ ಉಜ್ಜಿದರೆ ಒಡೆದ ಅಕ್ಕಿನುಚ್ಚಿಗಿಂತ ಸ್ವಲ್ಪ ದಪ್ಪ ಅನಿಸಬೇಕು. ಪುಡಿ ಸಂಜೆ ತಿಂದದ್ದು ರಾತ್ರಿಯ ಹೊತ್ತಿಗೆ ಕರುಳು ದಾಟಿ ಹೋಗಿರುತ್ತದೆ. ದಪ್ಪ ಚೂರು ಮಾತ್ರ ಜಠರದ ಗಟ್ಟಿ ಚೀಲದಲ್ಲಿ ಉಳಿದು, ಚಿಪ್ಪು ಕಟ್ಟುವ ರಾತ್ರಿಯಿಡೀ ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ಬಾತಿಗೆ ಬೆಳಗ್ಗೆ ಬೇಕಾದದ್ದಕ್ಕಿಂತ ರಾತ್ರಿ ಎರಡು ಗಂಟೆಗೆ ಬೇಕಾದ ಕ್ಯಾಲ್ಸಿಯಂ ಮುಖ್ಯ, ಅದನ್ನು ಹೀಗೆ ಕೊಡಬಲ್ಲ ಸಾಮಾನು ಇದೊಂದೇ.

ಫೀಡಿಗೆ ಬೆರೆಸಬೇಡಿ, ಬೇರೆ ಬಟ್ಟಲಿನಲ್ಲಿ ಇಡಿ. ಮೊಟ್ಟೆ ಇಡುವ ಬಾತು ತನಗೆ ಬೇಕಾದಷ್ಟು ಹೆಕ್ಕಿಕೊಳ್ಳುತ್ತದೆ. ಗಂಡು ಬಾತಿಗೆ, ಮರಿಗೆ, ಮೊಟ್ಟೆ ನಿಲ್ಲಿಸಿದ ಬಾತಿಗೆ ಹೆಚ್ಚು ಕ್ಯಾಲ್ಸಿಯಂ ಬಲವಂತವಾಗಿ ತಿನ್ನಿಸಿದರೆ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಮೈಯಲ್ಲೇ ಕೂಡುವ ಗೌಟ್ ಬರಬಹುದು. ಮನೆಯ ಮೊಟ್ಟೆ ಚಿಪ್ಪನ್ನು ಹಂಚಿನ ಮೇಲೆ ಚೆನ್ನಾಗಿ ಒಣಗುವಷ್ಟು ಹುರಿದು, ಕೈಯಲ್ಲಿ ಪುಡಿಗಟ್ಟಿ ಕೊಟ್ಟರೂ ನಡೆಯುತ್ತದೆ. ಆದರೆ ಅದು ಗ್ರಿಟ್ಟಿನಷ್ಟು ಹೊತ್ತು ಉಳಿಯುವುದಿಲ್ಲ. ಎಲೆಅಡಿಕೆಯ ಸುಣ್ಣವನ್ನು ಅನ್ನಕ್ಕೆ ಬೆರೆಸಿ ಕೊಡುವ ಸಲಹೆ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಅದು ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿದ್ದು, ಕ್ಷಾರ. ಬಾಯಿ, ಅನ್ನನಾಳ ಸುಡುತ್ತದೆ. ದಯವಿಟ್ಟು ಬೇಡ.

ಹಸುವಿನ ದ್ರವ ಕ್ಯಾಲ್ಸಿಯಂ: ಹೆಸರಿಗಿಂತ ಕಡಿಮೆ ಕೆಲಸ

ಅಂಗಡಿಯವರು ಮೊದಲು ಕೈಗಿಡುವುದು ಇದನ್ನೇ. ಕೆಟ್ಟದ್ದಲ್ಲ, ಆದರೆ ಲೆಕ್ಕ ಹಾಕಿ ನೋಡಿ. ಲೇಬಲ್ಲಿನಲ್ಲಿ 100 ಮಿ.ಲೀ.ಗೆ 1,600 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದ್ದರೆ, ಒಂದು ಚಮಚ, ಅಂದರೆ 5 ಮಿ.ಲೀ.ಯಲ್ಲಿ ಇರುವುದು 80 ಮಿಲಿಗ್ರಾಂ. ಒಂದು ಮೊಟ್ಟೆಗೆ ಬೇಕಾದ್ದು 2,500. ಜೊತೆಗೆ ರಂಜಕವೂ ಇರುತ್ತದೆ, ಅದು ತೌಡು ತಿನ್ನುವ ಬಾತಿಗೆ ಈಗಾಗಲೇ ಜಾಸ್ತಿ. ಇದರಿಂದ ನಿಜವಾಗಿ ಸಿಗುವ ಲಾಭ ಡಿ3 ಜೀವಸತ್ವ. ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ಮೈಗೆ ಹತ್ತುವುದಿಲ್ಲ. ಆದರೆ ದಿನಾ ಬಿಸಿಲಿನಲ್ಲಿ ಅಡ್ಡಾಡುವ ಬಾತಿಗೆ ಡಿ3 ತಾನಾಗಿಯೇ ಸಿಗುತ್ತದೆ. ಮಳೆ ಹಿಡಿದು ವಾರಗಟ್ಟಲೆ ಬಿಸಿಲು ಕಾಣದ ಸಕಲೇಶಪುರದ ಕಡೆಯವರಿಗೆ ಮಾತ್ರ ಇದು ಉಪಯೋಗಕ್ಕೆ ಬರುವ ಬಾಟಲಿ. ವರ್ಷಪೂರ್ತಿ ಸುರಿಯುವುದು ಬೇಡ, ಡಿ3 ಮೈಯಲ್ಲಿ ಉಳಿಯುವ ಜೀವಸತ್ವ.

ತುರ್ತಿನಲ್ಲಿ ಇದಕ್ಕಿಂತ ಮೆಡಿಕಲ್ ಸ್ಟೋರಿನ ಮನುಷ್ಯರ ಮಾತ್ರೆಯೇ ವಾಸಿ. ಶೆಲ್ಕಾಲ್ 500ರಂಥ ಒಂದು ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಡಿ3 ಜೊತೆಗಿರುತ್ತದೆ. ಎರಡು ಕಿಲೋ ಬಾತಿಗೆ ದಿನಕ್ಕೆ ಒಂದು, ನಾಲ್ಕು ಚೂರು ಮಾಡಿ, ನೀರಲ್ಲಿ ಅದ್ದಿ, ಕೊಕ್ಕಿನ ಪಕ್ಕದಿಂದ ನಾಲಿಗೆಯ ಹಿಂದಕ್ಕೆ ಒಂದೊಂದೇ ಚೂರು ಇಟ್ಟು, ನುಂಗಿದ ಮೇಲೆ ಇನ್ನೊಂದು. ಎರಡು-ಮೂರು ದಿನಕ್ಕಿಂತ ಹೆಚ್ಚು ವೈದ್ಯರನ್ನು ಕೇಳದೆ ಮುಂದುವರಿಸಬೇಡಿ. ದ್ರವವನ್ನು ಸಿರಿಂಜಿನಲ್ಲಿ ನೇರ ಗಂಟಲಿಗೆ ಹೊಡೆಯುವುದು ದೊಡ್ಡ ತಪ್ಪು. ಬಾತಿನ ನಾಲಿಗೆಯ ಬುಡದಲ್ಲೇ ಉಸಿರಿನ ದಾರಿಯ ಬಾಯಿ ಇದೆ, ಸಣ್ಣ ಸೀಳಿನಂತೆ ತೆರೆದು ಮುಚ್ಚುವುದು ಕಣ್ಣಿಗೇ ಕಾಣುತ್ತದೆ. ಔಷಧ ಅಲ್ಲಿಗೆ ಹೋದರೆ ಮೊಟ್ಟೆಗಿಂತ ಮೊದಲು ನ್ಯುಮೋನಿಯಾ ಕೊಲ್ಲುತ್ತದೆ.

ಕರು ಹಾಕಿದ ಹಸುವಿಗೆ ಕುಡಿಸುವ ಕ್ಯಾಲ್ಸಿಯಂ ಜೆಲ್ ಬೇರೆ ಸಾಮಾನು. ಅದು ತುಂಬ ಗಟ್ಟಿ ಪ್ರಮಾಣದ್ದು. ಕ್ಯಾಲ್ಸಿಯಂ ಕ್ಲೋರೈಡ್ ಇದ್ದರೆ ಬಾಯಿಯ ತೊಗಲನ್ನು ಸುಡುತ್ತದೆ. ಹಾಲುಜ್ವರಕ್ಕೆ ಏರಿಸುವ ಬೋರೋಗ್ಲುಕೋನೇಟ್ ಬಾಟಲಿಯನ್ನೂ ಮನೆಯಲ್ಲಿ ಮುಟ್ಟಬೇಡಿ. ರಕ್ತಕ್ಕೆ ಜೋರಾಗಿ ಹೋದ ಕ್ಯಾಲ್ಸಿಯಂ ಹೃದಯ ನಿಲ್ಲಿಸುತ್ತದೆ. ಅದೇ ಕ್ಯಾಲ್ಸಿಯಂ ಅನ್ನು ವೈದ್ಯರು ತೂಕ ನೋಡಿ, ತೆಳ್ಳಗೆ ಮಾಡಿ ಚುಚ್ಚುತ್ತಾರೆ, ಆಗ ಅದು ಜೀವ ಉಳಿಸುವ ಔಷಧ.

ಸಿಕ್ಕಿಕೊಂಡ ಮೊಟ್ಟೆ, ಒಂದು ಟಬ್ಬು ಮತ್ತು ಬಿಸಿನೀರು

ಬಾತು ಕಾಲಗಲಿಸಿ, ಮೈ ಎತ್ತರಿಸಿ, ಪೆಂಗ್ವಿನ್ನಿನಂತೆ ನಿಂತಿದೆ. ಬಾಲ ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತದೆ. ಗೂಡಿಗೆ ಹೋಗುತ್ತದೆ, ತಿಣುಕುತ್ತದೆ, ಬರಿಗೈಯಲ್ಲಿ ಎದ್ದು ಬರುತ್ತದೆ. ಹಿಕ್ಕೆ ಸ್ವಲ್ಪವೇ, ಅಥವಾ ಇಲ್ಲವೇ ಇಲ್ಲ. ಬಾಲದ ಕೆಳಗಿನ ಗರಿ ಸರಿಸಿ ನೋಡಿದರೆ ದ್ವಾರದ ಅಂಚು ಊದಿ, ಒದ್ದೆಯಾಗಿ, ಬಾತು ತಿಣುಕಿದಾಗೆಲ್ಲ ಹೊರಕ್ಕುಬ್ಬಿ ಮತ್ತೆ ಒಳಕ್ಕೆ ಹೋಗುತ್ತಿರುತ್ತದೆ. ಎದೆಮೂಳೆಯ ತುದಿ ಮತ್ತು ದ್ವಾರದ ನಡುವೆ ಮೂರು ಬೆರಳು ಮೆಲ್ಲಗೆ ಇಟ್ಟರೆ ಗಟ್ಟಿ ಗುಂಡು ತಾಗಬಹುದು. ಮೆತ್ತನೆ ಮೊಟ್ಟೆಯಾದರೆ ಏನೂ ತಾಗುವುದಿಲ್ಲ, ತಾಗಲಿಲ್ಲವೆಂದು ನಿಶ್ಚಿಂತೆ ಆಗಬಾರದು.

ಇದಕ್ಕೆ ಮನೆಯಲ್ಲಿರಬೇಕಾದ ಸಾಮಾನು ಅಗಲ ಬಾಯಿಯ, 40-50 ಲೀಟರಿನ ಪ್ಲಾಸ್ಟಿಕ್ ಟಬ್ಬು. ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಮುತ್ತ ಬಟ್ಟೆ ನೆನೆಸಲು ಮಾರುವುದೇ ಸಾಕು. ಆಳಕ್ಕಿಂತ ಅಗಲ ಮುಖ್ಯ, ತಳ ನುಣುಪಾಗಿದ್ದರೆ ಹಳೆ ಟವೆಲ್ ಹಾಸಿ. ನೀರು 38ರಿಂದ 40 ಡಿಗ್ರಿ, ಮೊಣಕೈ ಅದ್ದಿದರೆ ಮಗುವಿಗೆ ಎರೆಯುವ ನೀರಿನಷ್ಟು ಬೆಚ್ಚಗೆ. ಬಾತಿನ ಮೈಯೇ 41-42 ಡಿಗ್ರಿ ಇರುತ್ತದೆ, ಹಾಗಾಗಿ ನಮಗೆ ಬಿಸಿ ಅನಿಸಿದ್ದು ಅದಕ್ಕೆ ಹಿತ. ಆಳ 10-12 ಸೆಂಟಿಮೀಟರ್. ಹೆಚ್ಚು ಹಾಕಿದರೆ ಸುಸ್ತಾದ ಬಾತು ತೇಲುವುದಕ್ಕೇ ಶಕ್ತಿ ಖರ್ಚು ಮಾಡುತ್ತದೆ; ಕಾಲು ತಳಕ್ಕೆ ತಾಗಬೇಕು, ಹೊಟ್ಟೆ ಮತ್ತು ದ್ವಾರ ಮುಳುಗಬೇಕು. 20ರಿಂದ 30 ನಿಮಿಷ. ಧನುರ್ಮಾಸದ ಹಾಸನದ ಬೆಳಗಿನಲ್ಲಿ ಹತ್ತು ನಿಮಿಷಕ್ಕೆ ನೀರು ಆರುತ್ತದೆ. ಪಕ್ಕದಲ್ಲಿ ಕೆಟಲ್ ಇಟ್ಟುಕೊಂಡು, ಬಾತನ್ನು ಆಚೆ ಸರಿಸಿ, ಟಬ್ಬಿನ ಮೂಲೆಗೆ ಬಿಸಿ ಸೇರಿಸಿ ಕೈಯಾಡಿಸಿ.

ಎಪ್ಸಮ್ ಉಪ್ಪು ಹಾಕಬೇಕೆಂದು ಬಹಳ ಜನ ಹೇಳುತ್ತಾರೆ. ಬಾತು ತಾನು ಕೂತ ನೀರನ್ನು ಕುಡಿಯದೆ ಬಿಡುವುದಿಲ್ಲ, ಆ ಉಪ್ಪು ಹೊಟ್ಟೆಗೆ ಹೋದರೆ ಭೇದಿ. ಕೆಲಸ ಮಾಡುವುದು ನೀರಿನ ಬಿಸಿಯೇ, ಉಪ್ಪಿನ ಖರ್ಚು ಬೇಡ.

ನೀರಿನಿಂದ ತೆಗೆದ ಮೇಲೆ ಟವೆಲ್ಲಿನಲ್ಲಿ ಒತ್ತಿ ಒರೆಸಿ, ಮಬ್ಬುಗತ್ತಲಿನ, ಸದ್ದಿಲ್ಲದ, 29-32 ಡಿಗ್ರಿಯಷ್ಟು ಬೆಚ್ಚಗಿನ ಜಾಗದಲ್ಲಿ ಬಿಡಿ. ಬಿಸಿನೀರಿನ ಚೀಲವನ್ನು ಎರಡು ಪದರ ಬಟ್ಟೆಯಲ್ಲಿ ಸುತ್ತಿ ಒಂದು ಪಕ್ಕಕ್ಕೆ ಇಟ್ಟರೆ ಸಾಕು, ಬೇಡವಾದಾಗ ಬಾತು ದೂರ ಸರಿಯಲು ಜಾಗವಿರಬೇಕು. ಕೋಳಿಮರಿಗೆ ಹಾಕುವ ಬ್ರೂಡರ್ ಬಲ್ಬು ಶಾಖ ಕೊಡುತ್ತದೆ, ಆದರೆ ಬೆಳಕನ್ನೂ ಕೊಡುತ್ತದೆ. ಆ ಬೆಳಕು ಮುಂದಿನ ಮೊಟ್ಟೆಗೆ ಆಹ್ವಾನ. ಬೆಳಕು ಕೊಡದ ಸೆರಾಮಿಕ್ ಹೀಟರ್ ಆನ್‌ಲೈನಿನಲ್ಲಿ ತರಿಸಿಕೊಂಡರೆ ಒಳ್ಳೆಯ ಹೂಡಿಕೆ.

ಜಾರಿಕೆಗೆ ಕೊಬ್ಬರಿ ಎಣ್ಣೆ ಬೇಡ. ಕೋಳಿಗೆ ನಡೆಯುವ ಮಾತು ಬಾತಿಗೆ ನಡೆಯುವುದಿಲ್ಲ. ಎಣ್ಣೆ ಗರಿಗೆ ಹತ್ತಿದರೆ ನೀರು ತಡೆಯುವ ಗುಣ ಹೋಗಿ ಬಾತು ನೆನೆದು ನಡುಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ನೀರಿನಾಂಶದ ಲೂಬ್ರಿಕೇಟಿಂಗ್ ಜೆಲ್ಲಿ ಕೇಳಿ ತನ್ನಿ, ಗ್ಲೌಸ್ ಹಾಕಿದ ಬೆರಳಿನಿಂದ ದ್ವಾರದ ಒಳ ಅಂಚಿಗೆ ಹಚ್ಚಿ. ಟ್ಯೂಬಿನ ಮೇಲೆ ಲಿಗ್ನೋಕೇಯ್ನ್ ಎಂದಿದ್ದರೆ ವಾಪಸ್ ಕೊಡಿ. ಮರಗಟ್ಟಿಸುವ ಆ ಔಷಧವನ್ನು ಹಕ್ಕಿಗಳ ಮೈ ತಡೆಯುವುದು ಕಷ್ಟ.

ಹೊಟ್ಟೆ ಹಿಂಡಿ ಮೊಟ್ಟೆ ಹೊರತೆಗೆಯುವ ಪ್ರಯತ್ನ ಮಾಡಲೇಬೇಡಿ. ಒಳಗೆ ಒಡೆದ ಚಿಪ್ಪು ಬ್ಲೇಡಿನಂತೆ ನಾಳವನ್ನು ಸೀಳುತ್ತದೆ, ಹಳದಿ ಹೊಟ್ಟೆಯೊಳಗೆ ಹರಡಿ ಕೀವಾಗುತ್ತದೆ. ಸ್ನಾನ, ಕ್ಯಾಲ್ಸಿಯಂ, ಬೆಚ್ಚನೆ ಜಾಗ ಇಷ್ಟನ್ನು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾಡಿ. ಸಂಜೆಗೂ ಮೊಟ್ಟೆ ಬರದಿದ್ದರೆ ವೈದ್ಯರ ಬಳಿ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಕಾಲು ಎಳೆಯುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ರಕ್ತ ಕಂಡರೆ ಸ್ನಾನಕ್ಕೂ ಸಮಯವಿಲ್ಲ. ಕಾಲು ಸೋಲುವುದು ಮೊಟ್ಟೆ ಒಳಗಿನ ನರವನ್ನು ಒತ್ತುವುದರಿಂದ. ನಯಾಸಿನ್ ಕೊರತೆಯಿಂದಲೂ ಕಾಲು ಸೋಲುತ್ತದೆ, ಆದರೆ ಅದು ಹೆಚ್ಚಾಗಿ ಮರಿಗಳಲ್ಲಿ, ದಿನಗಟ್ಟಲೆ ನಿಧಾನವಾಗಿ ಬರುವಂಥದ್ದು. ನಿನ್ನೆ ಓಡಾಡುತ್ತಿದ್ದ ಬಾತು ಇವತ್ತು ಕೂತರೆ ಮೊದಲು ಮೊಟ್ಟೆಯ ಮೇಲೆ ಅನುಮಾನ ಪಡಿ.

ಕಪಾಟಿನಲ್ಲಿದ್ದರೂ ತರಬಾರದ ಎರಡು

ಆಕ್ಸಿಟೋಸಿನ್. ಹಾಲು ಇಳಿಸಲು ಅದನ್ನು ದುರ್ಬಳಕೆ ಮಾಡುವ ಕೆಟ್ಟ ಅಭ್ಯಾಸ ಇರುವುದರಿಂದ ಹೆಸರು ಎಲ್ಲರಿಗೂ ಗೊತ್ತು. ನಾಳದ ಬಾಯಿ ಬಿಚ್ಚಿಲ್ಲದಿದ್ದರೆ, ಮೊಟ್ಟೆ ಗೋಡೆಗೆ ಅಂಟಿದ್ದರೆ, ಈ ಚುಚ್ಚುಮದ್ದಿನ ಹಿಂಡುವಿಕೆಗೆ ನಾಳವೇ ಹರಿಯುತ್ತದೆ. ಎಕ್ಸ್-ರೇ ನೋಡಿದ ವೈದ್ಯರ ಕೈಯಲ್ಲಿ ಮಾತ್ರ ಇದು ಔಷಧ.

ಇನ್ನೊಂದು ಡೈಕ್ಲೋಫೆನಾಕ್. ನೋವು ಇರುತ್ತದಲ್ಲ ಎಂದು ಮನುಷ್ಯರ ನೋವಿನ ಮಾತ್ರೆಯ ಕಾಲು ಭಾಗ ಕೊಡುವವರಿದ್ದಾರೆ. ಇದೇ ಔಷಧ ಸತ್ತ ದನಗಳ ಮೂಲಕ ನಮ್ಮ ದೇಶದ ರಣಹದ್ದುಗಳನ್ನು ಅಳಿವಿನ ಅಂಚಿಗೆ ತಂದದ್ದು, 2006ರಲ್ಲಿ ಪಶುಗಳಿಗೆ ಇದನ್ನು ನಿಷೇಧಿಸಿದ್ದು ಅದಕ್ಕೇ. ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳಿಗೂ 2023ರಲ್ಲಿ ನಿಷೇಧ ಬಂತು. ಮನೆಯಲ್ಲಿ ಹಳೆ ಸ್ಟ್ರಿಪ್ ಉಳಿದಿದ್ದರೂ ಹಕ್ಕಿಗೆ ಬೇಡ. ನೋವಿಗೆ ಮೆಲಾಕ್ಸಿಕಾಮ್ ಇದೆ, ಪ್ರಮಾಣ ವೈದ್ಯರು ಹೇಳಬೇಕು.

ಮೈ ಹೊರಬಂದರೆ

ಹಸು ಸಾಕಿದವರಿಗೆ ಈ ಮಾತು ಹೊಸದಲ್ಲ. ಬಾತಿನಲ್ಲಿ ಹೊರಬರುವುದು ಮೊಟ್ಟೆನಾಳದ ಕೊನೆಯ ಭಾಗ, ನೆಲ್ಲಿಕಾಯಿಯಿಂದ ನಿಂಬೆಹಣ್ಣಿನಷ್ಟು, ತೇವವಾದ ಗುಲಾಬಿ-ಕೆಂಪು ಮುದ್ದೆ. ಬಣ್ಣವೇ ಎಲ್ಲ ಹೇಳುತ್ತದೆ: ಕೆಂಪಗೆ ಹೊಳೆಯುತ್ತಿದ್ದರೆ ಜೀವ ಇದೆ, ನೇರಳೆಯಿಂದ ಕಪ್ಪಿಗೆ ತಿರುಗಿದ್ದರೆ ಆ ಭಾಗ ಸಾಯುತ್ತಿದೆ. ಕಪ್ಪಾದದ್ದನ್ನು ಒಳಗೆ ತಳ್ಳಬೇಡಿ.

ಬೇಕಾದ್ದು: ಅರ್ಧ ಲೀಟರಿನ ನಾರ್ಮಲ್ ಸಲೈನ್ ಬಾಟಲಿ, ಗಾಜ್ ಬಟ್ಟೆ, ಗ್ಲೌಸ್, ಅದೇ ಜೆಲ್ಲಿ, ಅಡುಗೆಮನೆಯ ಸಕ್ಕರೆ. ಸಲೈನ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಮೊದಲು ಬೇರೆ ಬಾತುಗಳಿಂದ ದೂರ ಮಾಡಿ, ಕೆಂಪು ಕಂಡರೆ ಅವು ಕುಕ್ಕುತ್ತವೆ. ಉಗುರುಬೆಚ್ಚಗಿನ ಸಲೈನಿನಲ್ಲಿ ಕಸ, ಹಿಕ್ಕೆ ತೊಳೆಯಿರಿ. ಒಳಗೆ ಮೊಟ್ಟೆಯ ಗುಂಡು ಕಂಡರೆ ಅಲ್ಲಿಗೇ ನಿಲ್ಲಿಸಿ, ಒದ್ದೆ ಗಾಜ್ ಮುಚ್ಚಿ ಆಸ್ಪತ್ರೆಗೆ ಹೊರಡಿ. ಮೊಟ್ಟೆ ಇಲ್ಲದಿದ್ದರೆ ಸಕ್ಕರೆಯನ್ನು ಎರಡು ಹನಿ ನೀರಿನಲ್ಲಿ ಕಲಸಿ ಮುದ್ದೆಯ ಮೇಲೆ ಲೇಪಿಸಿ 10-15 ನಿಮಿಷ ಬಿಡಿ. ಸಕ್ಕರೆ ಊತದ ನೀರನ್ನು ಎಳೆದುಕೊಳ್ಳುತ್ತದೆ, ಮುದ್ದೆ ಕಣ್ಣೆದುರೇ ಕುಗ್ಗುತ್ತದೆ. ಮತ್ತೆ ತೊಳೆದು, ಜೆಲ್ಲಿ ಹಚ್ಚಿ, ನಡುವಿನಿಂದ ಒಳಕ್ಕೆ ಬೆರಳ ಮೊದಲ ಗಿಣ್ಣಿನಿಂದ ಮೆಲ್ಲಗೆ ಒತ್ತಿ ಒಂದೆರಡು ನಿಮಿಷ ಹಾಗೇ ಹಿಡಿಯಿರಿ. ಮತ್ತೆ ಹೊರಬಂದರೆ ಹೊಲಿಗೆ ಬೇಕು, ಅದು ವೈದ್ಯರ ಕೆಲಸ.

ಇಲ್ಲಿ ಹಸುವಿನ ಅಂಗಡಿಯ ಎರಡು ಸಾಮಾನು ಅಪಾಯ ತರುತ್ತವೆ. ಗಾಯಕ್ಕೆ ಹೊಡೆಯುವ ನೊಣ ಓಡಿಸುವ ಸ್ಪ್ರೇ, ಮತ್ತು ಹುಳು ಬಿದ್ದ ಗಾಯಕ್ಕೆ ಹಾಕುವ ಟರ್ಪೆಂಟೈನ್. ಎರಡೂ ಆ ಮೆತ್ತನೆ ಮೈಯನ್ನು ಸುಡುತ್ತವೆ. ನೊಣಕ್ಕೆ ಸೊಳ್ಳೆ ಪರದೆಯೇ ಸರಿಯಾದ ಔಷಧ. ಪೊವಿಡೋನ್ ಅಯೋಡಿನ್ ಬಳಸುವುದಾದರೆ ಹಾಲು ಹಾಕದ ತೆಳು ಟೀ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಸುತ್ತಲಿನ ಚರ್ಮಕ್ಕೆ ಮಾತ್ರ ಹಚ್ಚಿ. ಹಾಸಿಗೆಗೆ ಮರದ ಹೊಟ್ಟು, ಭತ್ತದ ಹೊಟ್ಟು ಎರಡೂ ಆ ವಾರ ಬೇಡ, ಒದ್ದೆ ಮೈಗೆ ಅಂಟುತ್ತವೆ. ಹಳೆ ಪಂಚೆ, ಟವೆಲ್ ಹಾಸಿ. ಹಾಸನದಲ್ಲಿ ಎಲ್ಲೆಡೆ ಸಿಗುವ ಹಸುವಿನ ರಬ್ಬರ್ ಮ್ಯಾಟನ್ನು ಕತ್ತರಿಸಿ ಅದರ ಕೆಳಗೆ ಹಾಕಿದರೆ ತೊಳೆಯಲು ಸುಲಭ. ಇದು ಮಾತ್ರ ಹಸುವಿನ ಅಂಗಡಿ ಬಾತಿಗೆ ಕೊಟ್ಟ ನಿಜವಾದ ಉಡುಗೊರೆ, ಕಾಲಿನ ಅಡಿ ಹುಣ್ಣನ್ನೂ ತಡೆಯುತ್ತದೆ.

ಗಂಡು ಬಾತಿನಲ್ಲೂ ಹೀಗೆ ಹೊರಬರುವುದುಂಟು. ಅದರದ್ದು ಸುರುಳಿ ಸುತ್ತಿದ ಬಿಳಿ-ಗುಲಾಬಿ ಅಂಗ, ಮುದ್ದೆಯಲ್ಲ. ತೊಳೆದು, ಒದ್ದೆಯಾಗಿಟ್ಟು, ಹೆಣ್ಣುಗಳಿಂದ ಬೇರೆ ಮಾಡುವುದು ಮೊದಲ ಕೆಲಸ. ಒಣಗಿ ಸತ್ತ ಭಾಗವನ್ನು ವೈದ್ಯರು ಕತ್ತರಿಸಬೇಕಾಗಿ ಬಂದರೂ ಹೆದರಬೇಡಿ, ಬಾತು ಹಿಕ್ಕೆ-ಮೂತ್ರಕ್ಕೆ ಅದನ್ನು ಬಳಸುವುದಿಲ್ಲ, ಚೆನ್ನಾಗಿ ಬದುಕುತ್ತದೆ.

ಕತ್ತಲೆ

ತೊಂದರೆಯಾದ ಬಾತಿಗೆ ಮೊಟ್ಟೆಯಿಂದ ರಜೆ ಕೊಡಬೇಕು. ದೂರದ ಚಳಿದೇಶಗಳಲ್ಲಿ ಚಳಿಗಾಲದ ಸಣ್ಣ ಹಗಲೇ ಆ ರಜೆ ಕೊಡುತ್ತದೆ. ಹಾಸನದಲ್ಲಿ ಡಿಸೆಂಬರಿನ ಹಗಲು 11 ಗಂಟೆ 20 ನಿಮಿಷದಷ್ಟು, ಜೂನಿನ ಹಗಲು 13 ಗಂಟೆಗೆ ಸ್ವಲ್ಪ ಕಡಿಮೆ. ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಅದರ ಮೇಲೆ ಜಗಲಿಯ ಎಲ್‌ಇಡಿ ದೀಪ ರಾತ್ರಿ ಹತ್ತರವರೆಗೆ ಉರಿದರೆ ಬಾತಿನ ಮೈಗೆ ಅದು 16 ಗಂಟೆಯ ಹಗಲು. ಮೊಟ್ಟೆ ನಿಲ್ಲುವುದೇ ಇಲ್ಲ.

ಪರಿಹಾರಕ್ಕೆ ದುಬಾರಿ ಸಾಮಾನು ಬೇಡ. ಕಾಫಿ ಒಣಗಿಸುವ ದಪ್ಪ ಟಾರ್ಪಾಲು ಸಾಕು. ಸಂಜೆ ಐದಕ್ಕೆ ಗೂಡಿಗೆ ಹಾಕಿ, ಬೆಳಗ್ಗೆ ಒಂಬತ್ತಕ್ಕೆ ತೆಗೆಯಿರಿ. ಬೆಳಕು ದಿನಕ್ಕೆ ಎಂಟು ಗಂಟೆ ಮಾತ್ರ. ಮೇಲೆ ಗಾಳಿಯಾಡಲು ಕಿಂಡಿ ಇರಲಿ, ಗೂಡಿನೊಳಗೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರಿನ ಪಾತ್ರೆ ಇರಲಿ. ಒಂದೆರಡು ವಾರದಲ್ಲಿ ಮೊಟ್ಟೆ ಕಡಿಮೆಯಾಗುತ್ತದೆ. ಪೂರ್ತಿ ನಿಂತ ಮೇಲೆ ಲೇಯರ್ ಫೀಡಿನ ಬದಲು ಕ್ಯಾಲ್ಸಿಯಂ ಕಡಿಮೆ ಇರುವ ಗ್ರೋವರ್ ಫೀಡಿಗೆ ಹೋಗಿ, ಗ್ರಿಟ್ಟಿನ ಬಟ್ಟಲು ಮಾತ್ರ ಇರಲಿ. ಗಂಡು ಬಾತನ್ನು ಈ ಅವಧಿಯಲ್ಲಿ ಬೇರೆಯೇ ಇಡಿ. ಒಂದು ಗಂಡಿಗೆ ಐದಾರು ಹೆಣ್ಣು ಬೇಕಾದ ಕಡೆ ಒಂದೋ ಎರಡೋ ಇದ್ದರೆ, ಅತಿಯಾದ ಕೂಡುವಿಕೆಯಿಂದಲೇ ಸೋಂಕು ಮೇಲೇರುತ್ತದೆ.

ಯಾರ ಬಳಿ ಹೋಗುವುದು

ಜಿಲ್ಲೆಯ ಅದೃಷ್ಟ ಎಂದರೆ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ. ಸಕಲೇಶಪುರ, ಬೇಲೂರಿನಿಂದ ಸುಮಾರು 40 ಕಿಲೋಮೀಟರ್. ಹೊರಡುವ ಮೊದಲು ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ: ಹಕ್ಕಿ ನೋಡುವವರು ಇವತ್ತು ಇದ್ದಾರಾ, ಎಕ್ಸ್-ರೇ ಇದೆಯಾ, ಅಲ್ಟ್ರಾಸೌಂಡ್ ಇದೆಯಾ. ಮೂರನೆಯದು ಯಾಕೆಂದರೆ ಚಿಪ್ಪು ಕಟ್ಟದ ಮೊಟ್ಟೆ ಎಕ್ಸ್-ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಹೊಟ್ಟೆಯೊಳಗೆ ತುಂಬಿದ ನೀರೂ ಅಷ್ಟೆ. ವಾಹನ ಇಲ್ಲದವರು ಪಶು ಸಂಜೀವಿನಿಯ 1962ಕ್ಕೆ ಕರೆ ಮಾಡಬಹುದು. ಅದು ಮುಖ್ಯವಾಗಿ ದನಕರುಗಳಿಗೆ ಓಡಾಡುವ ಸೇವೆ, ಬಾತು ಎಂದು ಮೊದಲೇ ಹೇಳಿ.

ವೈದ್ಯರ ಮೊದಲ ಪ್ರಶ್ನೆ ಕೊನೆಯ ಮೊಟ್ಟೆ ಯಾವಾಗ ಇಟ್ಟಿತು ಅನ್ನುವುದು. ಗೋಡೆಯ ಕ್ಯಾಲೆಂಡರಿನಲ್ಲಿ ಮೊಟ್ಟೆ ಬಿದ್ದ ದಿನ ಗೆರೆ, ಮೆತ್ತನೆಯದಾದರೆ ಸೊನ್ನೆ ಹಾಕುತ್ತಿದ್ದರೆ ಉತ್ತರ ಸಿದ್ಧ. ತೂಕವನ್ನೂ ವಾರಕ್ಕೊಮ್ಮೆ ಬರೆಯಿರಿ, ಎಲ್ಲ ಔಷಧದ ಪ್ರಮಾಣ ಅದರ ಮೇಲೆಯೇ ನಿಂತಿದೆ. ಫೀಡ್ ಲೇಬಲ್ಲಿನ ಫೋಟೋ ಮತ್ತು ಈಗಾಗಲೇ ಕೊಟ್ಟ ಪ್ರತಿ ಮಾತ್ರೆಯ ಹೆಸರು ಜೊತೆಗಿರಲಿ.

ಕರೆದೊಯ್ಯಲು ರಟ್ಟಿನ ಡಬ್ಬಿಗಿಂತ ಟೊಮ್ಯಾಟೊ ಕ್ರೇಟು ವಾಸಿ, ಒದ್ದೆಯಾದರೂ ತಳ ಕುಸಿಯುವುದಿಲ್ಲ. ತಳಕ್ಕೆ ಮಡಿಸಿದ ಕಂಬಳಿ ದಪ್ಪಗೆ ಹಾಸಿ, ಮೇಲೊಂದು ಬಟ್ಟೆ ಮುಚ್ಚಿ, ಕ್ರೇಟನ್ನು ಸೀಟಿನ ಮೇಲಲ್ಲ, ಸೀಟಿನ ಮುಂದಿನ ನೆಲದಲ್ಲಿ ಇಡಿ. ಹೊಂಡಕ್ಕೆ ಗಾಡಿ ಎತ್ತಿ ಹಾಕಿದರೆ ಒಳಗಿನ ಮೊಟ್ಟೆ ಒಡೆಯುವ ಭಯ ನಿಜವಾದದ್ದೇ, ನಿಧಾನ ಓಡಿಸಿ.

ವಾಪಸ್ ಬಂದ ಮೇಲೆ ಬಾತು ಇಡುವ ಮೊಟ್ಟೆಯನ್ನು ತಿನ್ನಬಹುದೇ ಎಂದು ಅಲ್ಲೇ ಕೇಳಿಕೊಂಡು ಬನ್ನಿ. ಎನ್ರೋಫ್ಲಾಕ್ಸಾಸಿನ್‌ನಂಥ ಪ್ರತಿಜೀವಕ ಕೊಟ್ಟಿದ್ದರೆ ಅದರ ಅಂಶ ಹಳದಿಯಲ್ಲಿ ಉಳಿಯುತ್ತದೆ. ವೈದ್ಯರು ಹೇಳಿದ ದಿನ ಮುಗಿಯುವವರೆಗೆ ಆ ಮೊಟ್ಟೆ ಮನೆಯವರಿಗೂ ಬೇಡ, ನಾಯಿಗೂ ಬೇಡ, ಹಿತ್ತಲಲ್ಲಿ ಗುಂಡಿ ತೆಗೆದು ಮುಚ್ಚಿ.